ಬಾಟಲಿ ಅಂಗಿಯಾಯಿತು, ಅಂಗಿ ಏನಾಗಬೇಕು?

2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ‘ಭಾರತ ಇಂಧನ ಸಪ್ತಾಹ’ದಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಪ್ರಧಾನಿ ನರೇಂದ್ರ ಮೋದಿ ಅವರಿಗೆ ತಿಳಿನೀಲಿ ಬಣ್ಣದ, ತೋಳಿಲ್ಲದ ಜಾಕೆಟ್ಟೊಂದನ್ನು ಉಡುಗೊರೆಯಾಗಿ ನೀಡಿತು. ಅದೇ ತಿಂಗಳ 8ರಂದು ಅವರು ಅದನ್ನು ತೊಟ್ಟು ಸಂಸತ್ತಿಗೆ ಬಂದರು. ನೀರು ಕುಡಿದು ಎಸೆದ ಪ್ಲಾಸ್ಟಿಕ್ ಬಾಟಲಿಗಳನ್ನು ಕರಗಿಸಿ ತೆಗೆದ ನೂಲಿನಿಂದ ಆ ಜಾಕೆಟ್ ತಯಾರಾಗಿತ್ತು. ಬಟ್ಟೆ ಬಂದದ್ದು ತಮಿಳುನಾಡಿನ ಕರೂರಿನಿಂದ. ಪೆಟ್ರೋಲ್ ಬಂಕ್ ಹಾಗೂ ಅಡುಗೆ ಅನಿಲ ವಿತರಣೆಯ ಸಿಬ್ಬಂದಿಗೆ ಇಂಥದೇ ಬಟ್ಟೆಯ ಸಮವಸ್ತ್ರ ಒದಗಿಸುವುದಾಗಿಯೂ, ಒಂದು ಜೊತೆ ಸಮವಸ್ತ್ರದಿಂದ ಸುಮಾರು 28 ಬಾಟಲಿಗಳು ಮರುಬಳಕೆಯಾಗುವುದಾಗಿಯೂ, ವರ್ಷಕ್ಕೆ 10 ಕೋಟಿ ಬಾಟಲಿಗಳಿಗೆ ಹೀಗೆ ಮರುಜನ್ಮ ನೀಡುವ ಗುರಿ ಇರುವುದಾಗಿಯೂ ಸಂಸ್ಥೆ ಪ್ರಕಟಿಸಿತು.

ಬಾಟಲಿ ಎಣಿಸಿ ಬಟ್ಟೆಯ ಗುಣ ಹೇಳುವ ಈ ಪರಿಪಾಠ ಹೊಸದೇನಲ್ಲ. 2010ರ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಬ್ರೆಜಿಲ್, ಪೋರ್ಚುಗಲ್, ನೆದರ್ಲೆಂಡ್ಸ್ ಆಟಗಾರರು ತೊಟ್ಟ ಒಂದೊಂದು ಅಂಗಿಗೂ ಎಂಟರವರೆಗೆ ಬಾಟಲಿಗಳು ಬಳಕೆಯಾಗಿವೆ ಎಂದು ನೈಕಿ ಕಂಪನಿ ಹೇಳಿತ್ತು. 2015ರ ವಿಶ್ವಕಪ್ ಕ್ರಿಕೆಟ್‌ಗೆ ಭಾರತ ತಂಡಕ್ಕೆ ಅದೇ ಕಂಪನಿ ಕೊಟ್ಟ ಅಂಗಿ ಮತ್ತು ಷರಾಯಿಗೆ ಸರಾಸರಿ 33 ಬಾಟಲಿಗಳ ಲೆಕ್ಕ ಕೊಡಲಾಯಿತು. ಇದಕ್ಕೆಲ್ಲ ಮೂಲ ಇನ್ನೂ ಹಿಂದೆ, 1993ರಲ್ಲಿ ಇದೆ. ಅಮೆರಿಕದ ಪೆಟಗೋನಿಯಾ ಕಂಪನಿ ತಂಪು ಪಾನೀಯದ ಬಾಟಲಿಗಳಿಂದ ಚಳಿಗಾಲದ ಉಣ್ಣೆಯಂಥ ಮೇಲಂಗಿ ತಯಾರಿಸಿ ಮಾರುಕಟ್ಟೆಗೆ ಬಿಟ್ಟದ್ದು ಆ ವರ್ಷ. ಅಲ್ಲಿಂದೀಚೆಗೆ ಪರ್ವತಾರೋಹಿಗಳ ಜಾಕೆಟ್‌ನಿಂದ ಶಾಲಾ ಚೀಲದವರೆಗೆ ಈ ಬಟ್ಟೆ ಹರಡಿದೆ. ಇಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಯಾವುದೇ ಮಾಲ್‌ನ ಕ್ರೀಡಾ ಉಡುಪಿನ ಮಳಿಗೆಯಲ್ಲಿ ‘ಮರುಬಳಕೆಯ ಪಾಲಿಯೆಸ್ಟರ್’ ಎಂಬ ಹಸಿರು ಚೀಟಿ ಕಾಣದ ಕಪಾಟು ಅಪರೂಪ.

ಬಾಟಲಿಯಿಂದ ಅಂಗಿ ಆಗುವುದು ನಿಜ, ಅದರಿಂದ ಪ್ರಯೋಜನವೂ ಉಂಟು. ಆದರೆ ಆ ಅಂಗಿ ಹಳತಾದ ಮೇಲೆ ಇನ್ನೊಂದು ಅಂಗಿಯಾಗುವುದು ಬಹುಮಟ್ಟಿಗೆ ಆಗುತ್ತಿಲ್ಲ. ಹಸಿರು ಚೀಟಿ ಬಟ್ಟೆಯ ಪೂರ್ವಜನ್ಮದ ಕಥೆ ಹೇಳಿ ಅಲ್ಲಿಗೇ ನಿಲ್ಲುತ್ತದೆ. ಬಾಟಲಿಗಳಿಗೆ ಬೇರೆ ಹಕ್ಕುದಾರರು ಹುಟ್ಟಿಕೊಂಡಿರುವ ಈ ಹೊತ್ತಿನಲ್ಲಿ, ಮೂರು ದಶಕಗಳಿಂದ ಬದಿಗಿಟ್ಟಿದ್ದ ಮುಂದಿನ ಜನ್ಮದ ಪ್ರಶ್ನೆಯನ್ನು ಜವಳಿ ಉದ್ಯಮ ಎದುರಿಸಲೇಬೇಕಾಗಿ ಬಂದಿದೆ.

ಬಾಟಲಿಯೇ ಏಕೆ?

ನೀರಿನ ಬಾಟಲಿಯೂ ಪಾಲಿಯೆಸ್ಟರ್ ಸೀರೆಯೂ ರಾಸಾಯನಿಕವಾಗಿ ಒಂದೇ ವಸ್ತು. ಪಾಲಿಎಥಿಲೀನ್ ಟೆರೆಫ್ತಾಲೇಟ್ ಎಂಬ ಉದ್ದ ಹೆಸರಿನ ಮೊದಲಕ್ಷರಗಳೇ ‘ಪೆಟ್’ ಬಾಟಲಿಯ ‘ಪೆಟ್’. ಎರಡಕ್ಕೂ ಮೂಲ ಕಚ್ಚಾತೈಲ. ವ್ಯತ್ಯಾಸ ಇರುವುದು ಅಣುಗಳ ಸರಪಳಿಯ ಉದ್ದದಲ್ಲಿ. ಒಳಗಿನ ಅನಿಲದ ಒತ್ತಡ ತಾಳಬೇಕಾದ ಬಾಟಲಿಗೆ ಉದ್ದನೆಯ ಸರಪಳಿ ಬೇಕು, ನೂಲಿಗೆ ಅದಕ್ಕಿಂತ ಗಿಡ್ಡನೆಯದು ಸಾಕು. ಪ್ಲಾಸ್ಟಿಕ್ಕನ್ನು ಕರಗಿಸಿದಾಗಲೆಲ್ಲ ಸರಪಳಿ ಒಂದಿಷ್ಟು ತುಂಡಾಗುತ್ತದೆ. ಹೀಗಾಗಿ ಬಾಟಲಿಯನ್ನು ತೊಳೆದು, ಚೂರು ಮಾಡಿ, ಸುಮಾರು 260 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕರಗಿಸಿ, ಜರಡಿಯಂಥ ಸೂಕ್ಷ್ಮ ರಂಧ್ರಗಳ ಮೂಲಕ ಹಾಯಿಸಿದರೆ ನೂಲಿಗೆ ಬೇಕಾದ ಗುಣಮಟ್ಟ ತಾನಾಗಿಯೇ ದಕ್ಕುತ್ತದೆ. ಇದು ಇಳಿಜಾರಿನ ದಾರಿ. ನೂಲಿನಿಂದ ಮತ್ತೆ ಬಾಟಲಿಯತ್ತ, ಅಥವಾ ಹಳೆಯ ನೂಲಿನಿಂದ ಹೊಸ ನೂಲಿನತ್ತ ಹೋಗುವುದು ಏರುದಾರಿ.

ಬಾಟಲಿಗೆ ಇನ್ನೂ ಕೆಲವು ಅನುಕೂಲಗಳಿವೆ. ಅದು ಬಹುಪಾಲು ಬಣ್ಣವಿಲ್ಲದ್ದು, ಒಂದೇ ವಸ್ತುವಿನದು. ಮುಚ್ಚಳ, ಲೇಬಲ್ ತೆಗೆದರೆ ಕಲಬೆರಕೆ ಹೆಚ್ಚೇನೂ ಉಳಿಯದು. ನೋಡಿದೊಡನೆ ಗುರುತು ಸಿಗುತ್ತದೆ, ಆದ್ದರಿಂದ ಆಯುವುದು, ವಿಂಗಡಿಸುವುದು ಸುಲಭ. ಇನ್ನು ವಸ್ತ್ರವಿನ್ಯಾಸಕರ ದೃಷ್ಟಿಯಿಂದ ನೋಡಿದರೆ, ಬಾಟಲಿಯ ನೂಲು ಬಂದಾಗ ಗಿರಣಿಯಲ್ಲಿ ಏನನ್ನೂ ಬದಲಿಸಬೇಕಿಲ್ಲ. ಅದೇ ಮಗ್ಗ, ಅದೇ ಬಣ್ಣದ ತೊಟ್ಟಿ, ಅದೇ ಹೊಲಿಗೆ. ಬದಲಾಗುವುದು ಕೊಳ್ಳುವ ಕಚ್ಚಾವಸ್ತು ಮತ್ತು ತೂಗುಹಾಕುವ ಚೀಟಿ, ಎರಡೇ. ಇಷ್ಟು ಕಡಿಮೆ ತೊಂದರೆಯಲ್ಲಿ ಇಷ್ಟು ದೊಡ್ಡ ಹೆಸರು ತಂದುಕೊಡುವ ಸುಧಾರಣೆ ಉದ್ಯಮಕ್ಕೆ ಬೇರೊಂದು ಸಿಕ್ಕಿರಲಾರದು.

ಪ್ರಯೋಜನವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ನೆದರ್ಲೆಂಡ್ಸ್‌ನ ಯುಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಪಾಲಿಯೆಸ್ಟರ್‌ಗೆ ಹೋಲಿಸಿದರೆ ಬಾಟಲಿಯ ನೂಲಿನಿಂದ ನವೀಕರಿಸಲಾಗದ ಇಂಧನದಲ್ಲಿ ಶೇ 40ರಿಂದ 85ರವರೆಗೂ, ಭೂತಾಪಕ್ಕೆ ಕಾರಣವಾಗುವ ಅನಿಲಗಳಲ್ಲಿ ಶೇ 25ರಿಂದ 75ರವರೆಗೂ ಉಳಿತಾಯ ಸಾಧ್ಯ. ವಿಧಾನ ಯಾವುದು, ಲೆಕ್ಕ ಹಾಕುವ ಬಗೆ ಯಾವುದು ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಕನಿಷ್ಠದ ಅಂಕಿಯನ್ನೇ ಹಿಡಿದರೂ ಅದು ಸಣ್ಣದಲ್ಲ.

ತೊಡಕು ಇರುವುದು ಬೇರೆಡೆ. ಬಾಟಲಿಯನ್ನು ಮತ್ತೆ ಬಾಟಲಿ ಮಾಡಬಹುದು. ಚೂರುಗಳನ್ನು ಕರಗಿಸದೆ, ನಿರ್ವಾತದಲ್ಲಿ ದೀರ್ಘಕಾಲ ಕಾಯಿಸಿ, ತುಂಡಾದ ಸರಪಳಿಯನ್ನು ಮತ್ತೆ ಬೆಸೆಯುವ ತಂತ್ರಜ್ಞಾನ ಬಳಕೆಯಲ್ಲಿದೆ. ಹಾಗೆ ಮಾಡಿದಾಗ ಅದೇ ವಸ್ತು ಹಲವು ಸುತ್ತು ತಿರುಗುತ್ತದೆ. ಅಂಗಿಯಾದ ಬಾಟಲಿ ಮಾತ್ರ ಆ ಸುತ್ತಿನಿಂದ ಹೊರಬೀಳುತ್ತದೆ. ಅಂಗಿ ಕೆಲವು ವರ್ಷ ಬಾಳಿ, ಆಮೇಲೆ ಕಸದ ಗುಡ್ಡೆಗೋ ಕುಲುಮೆಗೋ ಹೋಗುತ್ತದೆ. ಕಸವಾಗುವುದು ಮುಂದಕ್ಕೆ ಹೋಯಿತೇ ಹೊರತು ತಪ್ಪಲಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ‘ಕಸದ ಗುಡ್ಡೆ ಸೇರಲಿದ್ದ ಬಾಟಲಿಯನ್ನು ಉಳಿಸಿದೆವು’ ಎಂಬುದು ಈ ಉಡುಪುಗಳ ಪ್ರಚಾರದ ಪಲ್ಲವಿ. ಅಮೆರಿಕದಲ್ಲಿ ಆ ಮಾತಿಗೆ ಅರ್ಥವಿದ್ದೀತು. ಭಾರತದಲ್ಲಿ ಪೆಟ್ ಬಾಟಲಿಗಳ ಶೇ 90ರಷ್ಟು ಮರುಬಳಕೆಗೆ ಹೋಗುತ್ತದೆ ಎಂದು ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯ 2017ರಲ್ಲಿ ಅಂದಾಜು ಮಾಡಿತ್ತು. ಪ್ಯಾಕೇಜಿಂಗ್ ಉದ್ಯಮದ ಸಂಘಟನೆಯೇ ಮಾಡಿಸಿದ ಅಧ್ಯಯನವಾದ್ದರಿಂದ ಅಂಕಿಯನ್ನು ಒಂದಿಷ್ಟು ಎಚ್ಚರದಿಂದ ನೋಡಬೇಕು. ಆದರೂ ಇಲ್ಲಿ ಖಾಲಿ ಬಾಟಲಿಗೆ ಗುಜರಿಯಲ್ಲಿ ಬೆಲೆ ಉಂಟು, ಬೆಲೆ ಇರುವುದನ್ನು ಬೀದಿಯಲ್ಲಿ ಬಿಡುವವರಿಲ್ಲ ಎಂಬುದು ಎಲ್ಲರೂ ಬಲ್ಲ ಸತ್ಯ. ಬಾಟಲಿಯನ್ನು ಉಳಿಸಿದ್ದು ಬ್ರ್ಯಾಂಡ್ ಅಲ್ಲ. ಬ್ರ್ಯಾಂಡ್ ಬರುವ ಎಷ್ಟೋ ಮೊದಲು ಬೆಳಗಿನ ಜಾವಕ್ಕೆ ಚೀಲ ಹೊತ್ತು ಹೊರಟವರು. ಬೆಂಗಳೂರಿನಲ್ಲಿ ಹಸಿರುದಳದಂಥ ಸಂಸ್ಥೆಗಳು ಇವರನ್ನು ಸಂಘಟಿಸಿವೆ. ಅಂದಿನ ಬಿಬಿಎಂಪಿ ಇವರಿಗೆ ಗುರುತಿನ ಚೀಟಿ ನೀಡಿತ್ತು. 2012ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಮೂಲದಲ್ಲೇ ಕಸ ವಿಂಗಡಣೆಯನ್ನು ಕಡ್ಡಾಯಗೊಳಿಸಿದ ನಂತರ ವಾರ್ಡ್‌ಗಳ ಒಣಕಸ ಸಂಗ್ರಹ ಕೇಂದ್ರಗಳನ್ನು ನಡೆಸುವವರಲ್ಲೂ ಇವರಿದ್ದಾರೆ. ಅಂಗಿಯ ಚೀಟಿಯಲ್ಲಿ ಬಾಟಲಿಯ ಸಂಖ್ಯೆ ಇರುತ್ತದೆ, ಆಯ್ದವರ ಕೂಲಿಯ ಪ್ರಸ್ತಾಪ ಇರುವುದಿಲ್ಲ.

ಆ ಕೂಲಿಯನ್ನು ನಿರ್ಧರಿಸುವುದು ದೂರದ ತೈಲ ಮಾರುಕಟ್ಟೆ ಎಂಬುದೂ ಒಂದು ವಿಪರ್ಯಾಸ. 2020ರ ಏಪ್ರಿಲ್‌ನಲ್ಲಿ ಕಚ್ಚಾತೈಲದ ಬೆಲೆ ನೆಲಕಚ್ಚಿದಾಗ ಹೊಸ ಪ್ಲಾಸ್ಟಿಕ್ ಹಳತಿಗಿಂತ ಅಗ್ಗವಾಯಿತು. ತೈಲ ಇಳಿದರೆ ಹೊಸ ಪಾಲಿಯೆಸ್ಟರ್ ಇಳಿಯುತ್ತದೆ, ಅದರ ಬೆನ್ನಿಗೇ ಬಾಟಲಿಯ ಚೂರು, ಚೂರಿನ ಬೆನ್ನಿಗೆ ಗುಜರಿಯ ದರ. ಸರಣಿಯ ಕೊನೆಯಲ್ಲಿ ನಿಂತವರಿಗೆ ಇಳಿಕೆ ಬೇಗ ತಲಪುತ್ತದೆ.

ಗುರಿ ಮತ್ತು ಗತಿ

ಜವಳಿ ಉದ್ಯಮದ ನಾರುಗಳ ಲೆಕ್ಕ ಇಡುವ ಟೆಕ್ಸ್‌ಟೈಲ್ ಎಕ್ಸ್‌ಚೇಂಜ್ ಸಂಸ್ಥೆಯ ವರದಿಯಂತೆ 2023ರಲ್ಲಿ ಜಗತ್ತಿನಲ್ಲಿ ತಯಾರಾದ ನಾರು 12.4 ಕೋಟಿ ಟನ್. ಅದರಲ್ಲಿ ಶೇ 57ರಷ್ಟು ಪಾಲಿಯೆಸ್ಟರ್. ಹತ್ತಿ, ಉಣ್ಣೆ, ರೇಷ್ಮೆ, ಲಿನನ್ ಎಲ್ಲ ಸೇರಿದರೂ ಅದರ ಸಮಕ್ಕೆ ಬರುವುದಿಲ್ಲ. ಈ ಪಾಲಿಯೆಸ್ಟರ್‌ನಲ್ಲಿ ಮರುಬಳಕೆಯದು ಶೇ 12.5. ಹಿಂದಿನ ವರ್ಷ ಅದು ಶೇ 13.6 ಇತ್ತು. ಅಂದರೆ ಟನ್ನುಗಳಲ್ಲಿ ಮರುಬಳಕೆ ಏರಿತು, ಪಾಲಿನಲ್ಲಿ ಇಳಿಯಿತು. ಹೊಸ ಪಾಲಿಯೆಸ್ಟರ್ ಅದಕ್ಕಿಂತ ವೇಗವಾಗಿ ಬೆಳೆದದ್ದೇ ಕಾರಣ. 2021ರಲ್ಲಿ ವಿಶ್ವಸಂಸ್ಥೆಯ ಆಶ್ರಯದ ಫ್ಯಾಷನ್ ಒಡಂಬಡಿಕೆಯೂ ಇದೇ ಸಂಸ್ಥೆಯೂ ಸೇರಿ 2025ರೊಳಗೆ ಈ ಪಾಲನ್ನು ಶೇ 45ಕ್ಕೆ ಏರಿಸುವ ಸವಾಲನ್ನು ಉದ್ಯಮದ ಮುಂದಿಟ್ಟಿದ್ದವು. ಗುರಿಗೂ ಗತಿಗೂ ನಡುವಿನ ಅಂತರ ವ್ಯಾಖ್ಯಾನ ಬೇಡದಷ್ಟು ಸ್ಪಷ್ಟ.

ಇನ್ನೂ ಮುಖ್ಯವಾದುದು, ಮರುಬಳಕೆಯ ಪಾಲಿಯೆಸ್ಟರ್‌ನ ಬಹುತೇಕ ಎಲ್ಲವೂ ಬಾಟಲಿಯಿಂದಲೇ ಬರುತ್ತದೆ. ಹಳೆಯ ಬಟ್ಟೆಯಿಂದ ಬರುವುದು ನೂರರಲ್ಲಿ ಒಂದೆರಡು ಪಾಲಷ್ಟೇ. ಬ್ರಿಟನ್ನಿನ ಎಲೆನ್ ಮೆಕ್‌ಆರ್ಥರ್ ಪ್ರತಿಷ್ಠಾನ 2017ರಲ್ಲಿ ಹೇಳಿದಂತೆ, ಉಡುಪು ತಯಾರಿಕೆಗೆ ಬಳಸುವ ಸಾಮಗ್ರಿಯಲ್ಲಿ ಮತ್ತೆ ಉಡುಪಾಗುವುದು ಶೇ 1ಕ್ಕಿಂತ ಕಡಿಮೆ.

ಬೆವರು ಹೀರದ ಜಾಣ್ಮೆ, ಬೇರ್ಪಡದ ನೂಲು

ಹಳೆಯ ಅಂಗಿ ಹೊಸ ಅಂಗಿಯಾಗದಿರಲು ಕಾರಣ ಆ ಬಟ್ಟೆಯ ತಾಂತ್ರಿಕ ಗುಣಗಳಲ್ಲೇ ಅಡಗಿದೆ. ಕ್ರೀಡಾ ಉಡುಪು, ಯೋಗದ ಉಡುಪು, ಮಳೆಯಂಗಿ, ಇಸ್ತ್ರಿ ಬೇಡದ ಕಚೇರಿ ಅಂಗಿ ಇವುಗಳನ್ನು ‘ತಾಂತ್ರಿಕ ವಸ್ತ್ರ’ಗಳೆಂದು ಕರೆಯುವ ರೂಢಿ ಬಂದಿದೆ. ಹತ್ತಿ ತನ್ನ ತೂಕದ ಸುಮಾರು ಶೇ 8ರಷ್ಟು ತೇವವನ್ನು ಗಾಳಿಯಿಂದಲೇ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇ 0.4 ಮಾತ್ರ. ಒಂದು ಕಾಲದಲ್ಲಿ ‘ಟೆರಿಲೀನ್ ಹಾಕಿದರೆ ಬೇಯುತ್ತದೆ’ ಎಂದು ಜನ ದೂರುತ್ತಿದ್ದುದು ಇದಕ್ಕೇ. ಈಗಿನ ವಿನ್ಯಾಸಕರು ಆ ದೋಷವನ್ನೇ ಗುಣವಾಗಿ ತಿರುಗಿಸಿದ್ದಾರೆ. ನೂಲಿನ ಅಡ್ಡಕೊಯ್ತವನ್ನು ದುಂಡಗಿಡದೆ ತೋಡುಗಳಿರುವಂತೆ ಎಳೆದರೆ, ಬೆವರು ನೂಲಿನ ಒಳಗೆ ಇಂಗುವ ಬದಲು ತೋಡುಗಳಗುಂಟ ಹರಿದು ಹೊರಮೈಗೆ ಬಂದು ಆರಿಹೋಗುತ್ತದೆ. ಕ್ರಿಕೆಟ್ ಆಟಗಾರನ ಅಂಗಿ ಮೈಗೆ ಅಂಟದಿರುವ ಗುಟ್ಟು ಇದು.

ಅಷ್ಟಕ್ಕೇ ನಿಂತಿದ್ದರೆ ತೊಂದರೆ ಇರಲಿಲ್ಲ. ಹಿಗ್ಗಲೆಂದು ಅದಕ್ಕೆ ನೂರಕ್ಕೆ ಐದೋ ಎಂಟೋ ಪಾಲು ಇಲಾಸ್ಟೇನ್ ಸೇರಿಸುತ್ತಾರೆ. ಮೃದುವಾಗಲೆಂದು ಹತ್ತಿಯನ್ನೋ ವಿಸ್ಕೋಸನ್ನೋ ಬೆರೆಸುತ್ತಾರೆ. ನೀರು ಜಾರಲೆಂದು, ವಾಸನೆ ಬಾರದಿರಲೆಂದು ಬೇರೆ ಬೇರೆ ರಾಸಾಯನಿಕಗಳ ಲೇಪ ಕೊಡುತ್ತಾರೆ. ಬಣ್ಣವನ್ನು ಸುಮಾರು 130 ಡಿಗ್ರಿ ಶಾಖದಲ್ಲಿ, ಒತ್ತಡದಲ್ಲಿ ನೂಲಿನ ಒಳಕ್ಕೇ ಹೊಗಿಸುತ್ತಾರೆ. ಹೊಲಿಗೆಯ ದಾರ, ಜಿಪ್ಪು, ಗುಂಡಿ, ರಬ್ಬರಿನಂಥ ಮುದ್ರಣ ಇವುಗಳ ಮಾತು ಬೇರೆ. ಹೀಗೆ ಬೆರೆತದ್ದನ್ನು ಬಾಟಲಿಯ ಹಾಗೆ ತೊಳೆದು ಕರಗಿಸಿದರೆ ಹೊರಬರುವುದು ನೂಲಲ್ಲ, ಕಂದು ಬಣ್ಣದ ಅಂಟು. ಬಟ್ಟೆಯನ್ನು ಮೆಚ್ಚುವಂತೆ ಮಾಡುವ ಗುಣಗಳೇ ಅದರ ಮುಂದಿನ ದಾರಿಯನ್ನು ಮುಚ್ಚುತ್ತವೆ. ಈ ನಿರ್ಧಾರ ಆಗುವುದು ಕಸದ ಕೇಂದ್ರದಲ್ಲಿ ಅಲ್ಲ, ವಿನ್ಯಾಸಕರ ಮೇಜಿನ ಮೇಲೆ.

ಏರುದಾರಿ ಇಲ್ಲವೆಂದಲ್ಲ. ಪಾಲಿಯೆಸ್ಟರನ್ನು ಕರಗಿಸುವ ಬದಲು ಗ್ಲೈಕಾಲ್ ಅಥವಾ ಮೆಥನಾಲ್ ಬಳಸಿ ಅದರ ಮೂಲ ಘಟಕಗಳಾಗಿ ಒಡೆದರೆ ಬಣ್ಣ, ಕಲ್ಮಶ ಬೇರ್ಪಡುತ್ತವೆ. ಮತ್ತೆ ಕಟ್ಟಿದರೆ ಹೊಸದಕ್ಕೆ ಸಮನಾದ ನೂಲು ಸಿಗುತ್ತದೆ. ಪೆಟಗೋನಿಯಾ 2005ರಲ್ಲೇ ಗ್ರಾಹಕರಿಂದ ಹಳೆಯ ಉಡುಪು ವಾಪಸು ಪಡೆದು ಜಪಾನಿನ ತೇಜಿನ್ ಕಂಪನಿಯ ಇಂಥ ಘಟಕಕ್ಕೆ ಕಳಿಸತೊಡಗಿತ್ತು. ನೈಲಾನ್ ವಿಷಯದಲ್ಲಿ ಇಟಲಿಯ ಅಕ್ವಾಫಿಲ್ ಕಂಪನಿ ಹಳೆಯ ಮೀನುಬಲೆ, ನೆಲಹಾಸುಗಳಿಂದ 2011ರಿಂದ ಹೊಸ ನೂಲು ತೆಗೆಯುತ್ತಿದೆ. ಅಂದರೆ ತಂತ್ರಜ್ಞಾನ ಎರಡು ದಶಕಗಳಿಂದ ಕೈಯಲ್ಲಿದೆ. ಇಲ್ಲದಿರುವುದು ಅಗ್ಗದ, ಬೇರ್ಪಡಿಸಿದ, ಒಂದೇ ಬಗೆಯ ಹಳೆಯ ಬಟ್ಟೆಯ ನಿರಂತರ ಪೂರೈಕೆ ಮತ್ತು ಹೆಚ್ಚು ಬೆಲೆ ಕೊಟ್ಟು ಕೊಳ್ಳುವವರು.

ಎರಡನೆಯದರ ಮಹತ್ವವನ್ನು ಸ್ವೀಡನ್ನಿನ ರಿನ್ಯೂಸೆಲ್ ಕಂಪನಿಯ ಕಥೆ ತೋರಿಸುತ್ತದೆ. ಅದರ ವಸ್ತು ಪಾಲಿಯೆಸ್ಟರ್ ಅಲ್ಲ, ಹತ್ತಿ. ಹಳೆಯ ಜೀನ್ಸ್, ಟೀ ಶರ್ಟುಗಳಿಂದ ವಿಸ್ಕೋಸ್‌ಗೆ ಬೇಕಾದ ತಿರುಳು ತೆಗೆಯುವ ಕಾರ್ಖಾನೆಯನ್ನು ಅದು 2022ರಲ್ಲಿ ಸುಂಡ್ಸ್‌ವಾಲ್ ಪಟ್ಟಣದಲ್ಲಿ ಆರಂಭಿಸಿತು. ದೊಡ್ಡ ಬ್ರ್ಯಾಂಡ್‌ಗಳು ಬೆನ್ನು ತಟ್ಟಿದವು. ಆದರೆ ಬೇಡಿಕೆ ನಿರೀಕ್ಷೆಯ ಮಟ್ಟಕ್ಕೆ ಬರಲಿಲ್ಲ. 2024ರ ಫೆಬ್ರುವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ಬಳಿಕ ಹೊಸ ಹೂಡಿಕೆದಾರರ ಕೈಗೆ ಹೋಗಿ ಸರ್ಕ್ಯುಲೋಸ್ ಎಂಬ ಹೆಸರು ಪಡೆಯಿತು. ಮೆಚ್ಚುಗೆಯ ಪತ್ರಗಳಿಂದ ಕಾರ್ಖಾನೆ ನಡೆಯದು ಎಂಬುದನ್ನು ಭಾರತದಲ್ಲಿ ಇಂಥ ಘಟಕ ಕಟ್ಟಲು ಹೊರಟಿರುವವರು ನೆನಪಿಡಬೇಕಾಗಿದೆ. ಪಾಲಿಯೆಸ್ಟರ್ ತ್ಯಾಜ್ಯವನ್ನು ಮೂಲ ಘಟಕಗಳಾಗಿ ಒಡೆಯುವ ಘಟಕಕ್ಕಾಗಿ ಕೆನಡಾದ ಲೂಪ್ ಇಂಡಸ್ಟ್ರೀಸ್ ಮತ್ತು ಭಾರತದ ಎಸ್ಟರ್ ಇಂಡಸ್ಟ್ರೀಸ್ 2024ರಲ್ಲಿ ಜಂಟಿ ಉದ್ಯಮ ಘೋಷಿಸಿವೆ.

ಬಾಟಲಿಗೆ ಹೊಸ ಹಕ್ಕುದಾರರು

ಇಷ್ಟು ದಿನ ಈ ಪ್ರಶ್ನೆಯನ್ನು ಮುಂದೂಡಲು ಸಾಧ್ಯವಾದದ್ದು ಬಾಟಲಿ ಧಾರಾಳವಾಗಿ ಸಿಗುತ್ತಿತ್ತು ಎಂಬ ಕಾರಣಕ್ಕೆ. ಆ ಕಾಲ ಮುಗಿಯುತ್ತ ಬಂದಿದೆ. ಕೇಂದ್ರ ಸರ್ಕಾರ 2022ರಲ್ಲಿ ತಿದ್ದಿದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಗಡಸು ಪ್ಲಾಸ್ಟಿಕ್ ಪ್ಯಾಕೇಜಿಂಗ್‌ನಲ್ಲಿ ಮರುಬಳಕೆಯ ಪ್ಲಾಸ್ಟಿಕ್ಕಿನ ಪಾಲನ್ನು 2025–26ರಲ್ಲಿ ಶೇ 30ಕ್ಕೆ, ಅಲ್ಲಿಂದ ವರ್ಷವರ್ಷಕ್ಕೂ ಹತ್ತರಂತೆ ಏರಿಸಿ 2028–29ರಲ್ಲಿ ಶೇ 60ಕ್ಕೆ ನಿಗದಿಪಡಿಸಿದವು. ಪಾನೀಯದ ಬಾಟಲಿಯೂ ಈ ವರ್ಗಕ್ಕೇ ಸೇರಿದ್ದು. ಆಹಾರ ದರ್ಜೆಯ ಮರುಬಳಕೆ ಪ್ಲಾಸ್ಟಿಕ್ ಸಾಕಷ್ಟು ಸಿಗುತ್ತಿಲ್ಲವೆಂದು ಪಾನೀಯ ಉದ್ಯಮ ರಿಯಾಯಿತಿ ಕೇಳಿತು. ಕೇಳಿದ್ದರಲ್ಲೇ ವಿಷಯ ಸ್ಪಷ್ಟವಾಗುತ್ತದೆ: ಇದುವರೆಗೆ ನೂಲಿನ ಗಿರಣಿಗಳಿಗೆ ಹೋಗುತ್ತಿದ್ದ ಚೂರಿಗೆ ಈಗ ಬಾಟಲಿ ತಯಾರಕರೂ ಕೈಚಾಚಿದ್ದಾರೆ. ಯುರೋಪಿನಲ್ಲಿಯೂ ಇದೇ ನಡೆದಿದೆ. ಅಲ್ಲಿನ 2019ರ ನಿರ್ದೇಶನ ಪೆಟ್ ಬಾಟಲಿಗಳಲ್ಲಿ 2025ರೊಳಗೆ ಶೇ 25, 2030ರೊಳಗೆ ಎಲ್ಲ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಶೇ 30ರಷ್ಟು ಮರುಬಳಕೆಯ ವಸ್ತು ಕಡ್ಡಾಯಗೊಳಿಸಿತು. ತಮ್ಮ ಬಾಟಲಿ ತಮಗೇ ಮೊದಲು ಸಿಗಬೇಕೆಂದು ಅಲ್ಲಿನ ಪಾನೀಯ ತಯಾರಕರು ಬಹಿರಂಗವಾಗಿಯೇ ವಾದಿಸಿದರು.

ನ್ಯಾಯವಾಗಿ ನೋಡಿದರೆ ಅವರ ವಾದ ಸರಿ. ಬಾಟಲಿ ಮತ್ತೆ ಬಾಟಲಿಯಾಗುವುದು ಅದರ ಉತ್ತಮ ಗತಿ. ಆದರೆ ಹಾಗಾದಾಗ ಬಾಟಲಿಯನ್ನೇ ನಂಬಿದ ನೂಲಿನ ಗಿರಣಿಗಳ ಗತಿ? ಅವುಗಳ ಮುಂದೆ ಉಳಿಯುವುದು ಮೂರು ದಾರಿ. ದುಬಾರಿ ಚೂರು ಕೊಳ್ಳುವುದು, ಹಳೆಯ ಬಟ್ಟೆಯನ್ನು ಬಳಸುವ ಕಷ್ಟದ ತಂತ್ರಕ್ಕೆ ಹೂಡಿಕೆ ಮಾಡುವುದು, ಇಲ್ಲವೇ ಹೊಸ ಪಾಲಿಯೆಸ್ಟರನ್ನೇ ಮರುಬಳಕೆಯದೆಂದು ಮಾರುವುದು. ಮೂರನೆಯದು ಕೇವಲ ಕುಚೋದ್ಯದ ಊಹೆಯಲ್ಲ. ಬಾಟಲಿಯಿಂದ ಬಂದ ನೂಲಿಗೂ ತೈಲದಿಂದ ನೇರವಾಗಿ ಬಂದ ನೂಲಿಗೂ ಇರುವ ವ್ಯತ್ಯಾಸವನ್ನು ಸಿದ್ಧ ಬಟ್ಟೆಯಲ್ಲಿ ಪತ್ತೆ ಹಚ್ಚುವುದು ಪ್ರಯೋಗಾಲಯಕ್ಕೂ ಸುಲಭವಲ್ಲ. ಜಾಗತಿಕ ಮರುಬಳಕೆ ಮಾನದಂಡದಂಥ ಪ್ರಮಾಣಪತ್ರಗಳೆಲ್ಲ ನಿಂತಿರುವುದು ಕಾಗದಪತ್ರಗಳ ಸರಪಳಿಯ ಮೇಲೆ. ಚೂರಿನ ಬೆಲೆ ಏರಿದಷ್ಟೂ ಆ ಸರಪಳಿಯ ಮೇಲಿನ ಭಾರ ಹೆಚ್ಚುತ್ತದೆ.

ತೆರಿಗೆ ನೀತಿಯೂ ಇಲ್ಲಿ ಒಂದು ದಿಕ್ಕಿನಲ್ಲಿ ನಡೆದಿಲ್ಲ. 2021ರ ಅಕ್ಟೋಬರ್‌ನಲ್ಲಿ ಪ್ಲಾಸ್ಟಿಕ್ ತ್ಯಾಜ್ಯದ ಮೇಲಿನ ಜಿಎಸ್‌ಟಿಯನ್ನು ಶೇ 5ರಿಂದ 18ಕ್ಕೆ ಏರಿಸಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಕೃತಕ ನಾರಿನ ಮೇಲಿನ ತೆರಿಗೆಯನ್ನು ಶೇ 18ರಿಂದ 5ಕ್ಕೆ, ನೂಲಿನದನ್ನು ಶೇ 12ರಿಂದ 5ಕ್ಕೆ ಇಳಿಸಲಾಯಿತು. ಬಟ್ಟೆಗಿಂತ ನಾರಿಗೇ ಹೆಚ್ಚು ತೆರಿಗೆ ಇದ್ದ ವಿಚಿತ್ರ ಇದರಿಂದ ಸರಿಹೋಯಿತು ಎಂಬುದು ನಿಜ. ಆದರೆ ಈ ಇಳಿಕೆಯಲ್ಲಿ ತೈಲದಿಂದ ಬಂದ ನಾರು, ತ್ಯಾಜ್ಯದಿಂದ ಬಂದ ನಾರು ಎಂಬ ಭೇದವಿಲ್ಲ. ಜೊತೆಗೆ 2021ರಲ್ಲಿ ಕೃತಕ ನಾರಿನ ಉಡುಪು ಮತ್ತು ತಾಂತ್ರಿಕ ವಸ್ತ್ರಗಳಿಗೆಂದೇ 10,683 ಕೋಟಿ ರೂಪಾಯಿಯ ಉತ್ಪಾದನಾ ಪ್ರೋತ್ಸಾಹ ಯೋಜನೆ ಬಂದಿತು. ಜಗತ್ತಿನ ಮಾರುಕಟ್ಟೆ ಕೃತಕ ನಾರಿನತ್ತ ಹೊರಳಿರುವಾಗ ಹತ್ತಿಯನ್ನೇ ನಂಬಿದ ಭಾರತ ಹಿಂದೆ ಬೀಳಬಾರದೆಂಬ ಯೋಚನೆ ಅದರ ಹಿಂದೆ ಇದೆ, ಉದ್ಯೋಗದ ದೃಷ್ಟಿಯಿಂದ ಅದು ತಳ್ಳಿಹಾಕುವ ಯೋಚನೆಯೂ ಅಲ್ಲ. ತಯಾರಾಗುವ ಬಟ್ಟೆಯ ಕೊನೆಯ ಹೊಣೆ ಯಾರದು ಎಂಬುದು ಮಾತ್ರ ಲೆಕ್ಕಕ್ಕೆ ಬಂದಂತಿಲ್ಲ.

ಚಿಂದಿಗಿಲ್ಲದ ಬೆಲೆ

ಕನ್ನಡದಲ್ಲಿ ಇವರನ್ನು ‘ಚಿಂದಿ ಆಯುವವರು’ ಎಂದೇ ಕರೆದುಕೊಂಡು ಬಂದಿದ್ದೇವೆ. ಚಿಂದಿ ಎಂದರೆ ಹರಿದ ಬಟ್ಟೆ. ಚಿಂದಿಗೂ ಒಂದು ಬೆಲೆ ಇದ್ದ ಕಾಲದಲ್ಲಿ ಹುಟ್ಟಿದ ಹೆಸರಿರಬೇಕು ಅದು. ಇಂದು ಅವರ ಚೀಲದಲ್ಲಿ ಬಾಟಲಿ ಇರುತ್ತದೆ, ರಟ್ಟು ಇರುತ್ತದೆ, ತಗಡು ಇರುತ್ತದೆ, ಇಲ್ಲದಿರುವುದು ಚಿಂದಿಯೇ.

ಮನೆಗಳಲ್ಲಿ ಹಳೆಯ ಬಟ್ಟೆಗೆ ಹಿಂದೆ ಹಲವು ದಾರಿಗಳಿದ್ದವು. ಉತ್ತರ ಕರ್ನಾಟಕದ ಮನೆಗಳಲ್ಲಿ ಅಜ್ಜಿಯ ಹತ್ತಿ ಸೀರೆ ಕೌದಿಯಾಗುತ್ತಿತ್ತು. ಸ್ಟೀಲ್ ಪಾತ್ರೆಯವರು ಬೀದಿಯಲ್ಲಿ ಕೂಗುತ್ತ ಬಂದು ಹಳೆಯ ಬಟ್ಟೆಗೆ ಡಬ್ಬಿಯನ್ನೋ ಬೋಗುಣಿಯನ್ನೋ ಕೊಡುತ್ತಿದ್ದರು. ಎಲ್ಲ ಮುಗಿದ ಮೇಲೂ ನೆಲ ಒರೆಸುವ ಬಟ್ಟೆಯಾಗಿ ಒಂದೆರಡು ವರ್ಷ ನಡೆಯುತ್ತಿತ್ತು. ಪಾಲಿಯೆಸ್ಟರ್ ಅಂಗಿ ನೆಲ ಒರೆಸಲೂ ಬಾರದು, ನೀರನ್ನು ಹೀರುವುದಿಲ್ಲ, ಅತ್ತಿಂದಿತ್ತ ತಳ್ಳುತ್ತದೆ ಅಷ್ಟೇ. ಇದನ್ನು ಗೃಹಿಣಿಯರು ಯಾವ ಪ್ರಯೋಗಾಲಯದ ನೆರವೂ ಇಲ್ಲದೆ ಬಲ್ಲರು.

ಭಾರತದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಜವಳಿ ತ್ಯಾಜ್ಯ ಸೇರುತ್ತದೆ, ಅದರಲ್ಲಿ ಶೇ 59ರಷ್ಟು ಮರುಬಳಕೆಯ ಮೂಲಕ ಉದ್ಯಮಕ್ಕೆ ಮರಳುತ್ತದೆ ಎಂದು ಫ್ಯಾಷನ್ ಫಾರ್ ಗುಡ್ ಸಂಸ್ಥೆ 2022ರಲ್ಲಿ ಅಂದಾಜು ಮಾಡಿತು. ಕೇಳಲು ಸಮಾಧಾನವೆನಿಸುವ ಈ ಅಂಕಿಯ ಹಿಂದೆ ಇರುವುದು ಮುಖ್ಯವಾಗಿ ಹತ್ತಿ ಮತ್ತು ಉಣ್ಣೆ. ಗಾರ್ಮೆಂಟ್ಸ್ ಕಾರ್ಖಾನೆಗಳ ಹತ್ತಿಯ ಕತ್ತರಿ ಚೂರುಗಳು ತಿರುಪ್ಪೂರು ಕಡೆಯ ಗಿರಣಿಗಳಲ್ಲಿ ಮತ್ತೆ ನೂಲಾಗುತ್ತವೆ. ಹರಿಯಾಣದ ಪಾಣಿಪತ್ ದಶಕಗಳಿಂದ ಜಗತ್ತಿನ ಹಳೆಯ ಉಣ್ಣೆ ಬಟ್ಟೆಗಳನ್ನು ಬಣ್ಣವಾರು ವಿಂಗಡಿಸಿ, ಸಿಗಿದು, ಅಗ್ಗದ ಕಂಬಳಿ ನೇಯ್ದು ಬದುಕಿದ ಊರು. ಬಣ್ಣ ಹಾಕುವ ಅಗತ್ಯವೇ ಇಲ್ಲದ ಆ ಕೆಲಸ ಯಾವ ಹಸಿರು ಚೀಟಿಯೂ ಇಲ್ಲದೆ ನಡೆದಿತ್ತು. ಪಾಣಿಪತ್ತಿನ ಆ ಕಂಬಳಿಯ ಮಾರುಕಟ್ಟೆಯನ್ನು ಕಿತ್ತುಕೊಂಡದ್ದು ಏನೆಂದರೆ, ಅದಕ್ಕಿಂತ ಹಗುರವಾದ, ನುಣುಪಾದ, ಹೊಸ ಪಾಲಿಯೆಸ್ಟರಿನ ಕಂಬಳಿ.

ಬೆರಕೆ ಕೃತಕ ಬಟ್ಟೆಗೆ ಇಂಥ ಊರು ಇನ್ನೂ ಹುಟ್ಟಿಲ್ಲ. ಅದರಲ್ಲಿ ಹೆಚ್ಚಿನದು ಬಾಯ್ಲರ್‌ಗೆ, ಸಿಮೆಂಟ್ ಕುಲುಮೆಗೆ, ಇಲ್ಲವೇ ಊರಾಚೆಯ ಗುಂಡಿಗೆ ಹೋಗುತ್ತದೆ. ಅದಕ್ಕೂ ಮುಂಚೆ, ಬಾಳಿಕೆಯ ಅವಧಿಯಲ್ಲೇ, ಪ್ರತಿ ಒಗೆತದಲ್ಲೂ ಅದು ಸೂಕ್ಷ್ಮ ಎಳೆಗಳನ್ನು ಚರಂಡಿಗೆ ಬಿಡುತ್ತದೆ. ಸಾಗರ ಸೇರುವ ಪ್ರಾಥಮಿಕ ಸೂಕ್ಷ್ಮ ಪ್ಲಾಸ್ಟಿಕ್‌ನಲ್ಲಿ ಸುಮಾರು ಶೇ 35ರಷ್ಟು ಕೃತಕ ಬಟ್ಟೆಗಳ ಒಗೆತದಿಂದ ಬರುತ್ತದೆಂದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2017ರಲ್ಲಿ ಲೆಕ್ಕ ಹಾಕಿತ್ತು. ಬಾಟಲಿಯಾಗಿಯೇ ಉಳಿದಿದ್ದರೆ ವಾರಕ್ಕೊಮ್ಮೆ ವಾಷಿಂಗ್ ಮಷಿನ್‌ಗೆ ಬೀಳುತ್ತಿರಲಿಲ್ಲ ಎಂಬುದನ್ನು ಹಸಿರು ಲೆಕ್ಕದಲ್ಲಿ ಸೇರಿಸುವವರು ವಿರಳ.

ಎಲ್ಲಿ ಆರಂಭಿಸಬಹುದು?

ಯುರೋಪು ಕಾನೂನಿನ ದಾರಿ ಹಿಡಿದಿದೆ. 2025ರ ಜನವರಿಯಿಂದ ಅಲ್ಲಿ ಹಳೆಯ ಬಟ್ಟೆಯನ್ನು ಪ್ರತ್ಯೇಕವಾಗಿ ಸಂಗ್ರಹಿಸುವುದು ಕಡ್ಡಾಯ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಯುರೋಪಿನ ಸಂಸತ್ತು ಉಡುಪು ತಯಾರಕರೇ ಅದರ ಸಂಗ್ರಹ ಹಾಗೂ ಮರುಬಳಕೆಯ ವೆಚ್ಚ ಭರಿಸಬೇಕೆಂಬ ನಿಯಮಕ್ಕೆ ಒಪ್ಪಿಗೆ ನೀಡಿತು. ಬೆಂಗಳೂರು, ರಾಮನಗರ, ಮಂಡ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳು ಯುರೋಪಿಗೂ ಹೊಲಿಯುತ್ತವೆ. ಯಾವ ನೂಲಿಗೆ ಯಾವುದನ್ನು ಬೆರೆಸಬೇಕು ಎಂಬ ಆದೇಶ ಇನ್ನು ಅಲ್ಲಿನ ಕಾನೂನು ನೋಡಿಕೊಂಡು ಬರುತ್ತದೆ. ನಮ್ಮಲ್ಲಿ 2022ರ ಪ್ಲಾಸ್ಟಿಕ್ ನಿಯಮಗಳು ಪ್ಯಾಕೇಜಿಂಗ್‌ಗೆ ಸೀಮಿತ. ಅಂಗಿ ಬರುವ ಪ್ಲಾಸ್ಟಿಕ್ ಚೀಲದ ಹೊಣೆ ತಯಾರಕನದು, ಒಳಗಿರುವ ಪ್ಲಾಸ್ಟಿಕ್ ಅಂಗಿಯದಲ್ಲ. ಗ್ರಾಹಕರ ಕಡೆಯಿಂದ ಒಂದು ಹೆಜ್ಜೆ ಮುಂದಾಗಿದೆ. ಪರಿಸರದ ಹೆಸರಿನ ಪೊಳ್ಳು ಜಾಹೀರಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ‘ಹಸಿರು’, ‘ಪರಿಸರಸ್ನೇಹಿ’ ಎಂಬ ಮಾತಿಗೆ ಆಧಾರ ಕೊಡಬೇಕೆಂದು ಅದು ಹೇಳುತ್ತದೆ. ‘ಮರುಬಳಕೆಯಾದದ್ದು’ ಎಂಬುದು ನಿಜವಾಗಿದ್ದರೆ ಅದಕ್ಕೆ ಅಡ್ಡಿಯಿಲ್ಲ. ಆದರೆ ‘ಮರುಬಳಕೆಯಾದದ್ದು’ ಮತ್ತು ‘ಮರುಬಳಕೆಯಾಗಬಲ್ಲದ್ದು’ ಎರಡೂ ಒಂದೇ ಎಂದು ಕೊಳ್ಳುವವರು ಭಾವಿಸುತ್ತಿರುವುದರಲ್ಲೇ ಈ ವ್ಯಾಪಾರದ ಲಾಭವಿದೆ.

ಕರ್ನಾಟಕಕ್ಕೆ ಇಲ್ಲಿ ಎರಡು ಅವಕಾಶಗಳಿವೆ. 2023ರ ಮಾರ್ಚ್‌ನಲ್ಲಿ ಘೋಷಣೆಯಾದ ಏಳು ಪಿಎಂ ಮಿತ್ರ ಜವಳಿ ಪಾರ್ಕ್‌ಗಳಲ್ಲಿ ಒಂದು ಕಲಬುರಗಿಗೆ ಬಂದಿದೆ, ವಿಸ್ತಾರ 1,000 ಎಕರೆ. ನೂಲಿನಿಂದ ಸಿದ್ಧ ಉಡುಪಿನವರೆಗೆ ಎಲ್ಲ ಒಂದೇ ಕಡೆ ಎಂಬುದು ಅದರ ಉದ್ದೇಶ. ಕತ್ತರಿ ಚೂರುಗಳ ವಿಂಗಡಣೆಗೂ ಹಳೆಯ ಬಟ್ಟೆ ಬಿಡಿಸುವ ಘಟಕಕ್ಕೂ ನಕ್ಷೆಯ ಹಂತದಲ್ಲೇ ಜಾಗ ಇಡುವುದು ಕಷ್ಟವಲ್ಲ, ಕಟ್ಟಡಗಳು ಎದ್ದ ಮೇಲೆ ಜಾಗ ಹುಡುಕುವುದು ಕಷ್ಟ.

ಎರಡನೆಯದು ಸಮವಸ್ತ್ರ. ಹಳೆಯ ಬಟ್ಟೆಯ ಮರುಬಳಕೆಗೆ ಇರುವ ದೊಡ್ಡ ಅಡ್ಡಿ ಎಂದರೆ ರಾಶಿಯಲ್ಲಿ ಯಾವ ನೂಲು ಎಷ್ಟಿದೆ ಎಂಬುದು ತಿಳಿಯದಿರುವುದು. ಸಮವಸ್ತ್ರದಲ್ಲಿ ಆ ಅಡ್ಡಿಯೇ ಇಲ್ಲ. ಕೊಳ್ಳುವ ಸಂಸ್ಥೆ ಒಂದೇ, ಬಟ್ಟೆ ಒಂದೇ, ಬಣ್ಣ ಒಂದೇ. ಎಷ್ಟು ಕೊಟ್ಟಿದೆ, ಯಾವಾಗ ಬದಲಿಸಬೇಕು ಎಂಬುದೆಲ್ಲ ಕಡತದಲ್ಲಿರುತ್ತದೆ. ಪೊಲೀಸ್ ಇಲಾಖೆ, ಸಾರಿಗೆ ನಿಗಮಗಳು, ವಿದ್ಯಾವಿಕಾಸ ಯೋಜನೆಯಡಿ ಸರ್ಕಾರಿ ಶಾಲೆಯ ಮಕ್ಕಳಿಗೆ ಬಟ್ಟೆ ಕೊಳ್ಳುವ ಶಿಕ್ಷಣ ಇಲಾಖೆ ಇವೆಲ್ಲ ಟೆಂಡರ್ ಮೂಲಕವೇ ಖರೀದಿಸುತ್ತವೆ. ಬಟ್ಟೆ ಒಂದೇ ಬಗೆಯ ನೂಲಿನದಾಗಿರಬೇಕು, ಸವೆದ ಬಳಿಕ ಪೂರೈಕೆದಾರರೇ ವಾಪಸು ಕೊಳ್ಳಬೇಕು, ವಾಪಸು ಪಡೆದದ್ದರಲ್ಲಿ ಇಂತಿಷ್ಟು ಮತ್ತೆ ನೂಲಾಗಬೇಕು ಎಂಬ ಮೂರು ಷರತ್ತುಗಳನ್ನು ಅದೇ ಟೆಂಡರಿಗೆ ಸೇರಿಸಿದರೆ, ಸ್ವೀಡನ್ನಿನ ಕಾರ್ಖಾನೆಗೆ ದೊರೆಯದೆ ಹೋದ ಖಚಿತ ಬೇಡಿಕೆ ಇಲ್ಲಿ ಹುಟ್ಟುತ್ತದೆ. ಪೆಟ್ರೋಲ್ ಬಂಕ್‌ನ ಸಮವಸ್ತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. 28 ಬಾಟಲಿಗಳಿಂದ ಬಂದ ಒಂದು ಜೊತೆ ಬಟ್ಟೆಯನ್ನು ಸವೆದ ನಂತರ ಯಾರು, ಎಲ್ಲಿ, ಕಿಲೋಗೆ ಎಷ್ಟು ಕೊಟ್ಟು ಕೊಳ್ಳುತ್ತಾರೆ ಎಂಬುದನ್ನು ನಿಗದಿ ಮಾಡಬಲ್ಲ ಸ್ಥಾನದಲ್ಲಿ ಇರುವುದು ಅದನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಹೊಲಿಸುವ ಸಂಸ್ಥೆಯೇ. ಗುಜರಿ ಅಂಗಡಿಗಳಲ್ಲಿ ಪೆಟ್ ಬಾಟಲಿಗೆ ಕಿಲೋವಾರು ದರ ಇದೆ. ಪಾಲಿಯೆಸ್ಟರ್ ಅಂಗಿಗೆ ಇಲ್ಲ.